ಪಿಐವಿಯಲ್ಲಿ ವೇಗ ಎಲ್ಲಾ ಪೂರ್ಣ ಪಿಕ್ಸೆಲ್‌ಗೇ ಬಂದು ಕೂರುತ್ತಿದೆ. ಕ್ಯಾಮೆರಾ ಬದಲಿಸಬೇಕಾ?

ಫ್ಲೂಮ್_ಸುರತ್ಕಲ್
ನಮಸ್ಕಾರ ಎಲ್ಲರಿಗೂ. ನಾವು ಫೈನಲ್ ಇಯರ್ ಸಿವಿಲ್ ವಿದ್ಯಾರ್ಥಿಗಳು. ಕಿಂಡಿ ಅಣೆಕಟ್ಟಿನ ಕಂಬದ ಹಿಂದೆ ನೀರು ಹೇಗೆ ಸುಳಿ ತಿರುಗುತ್ತದೆ ಎಂದು ಪಾರ್ಟಿಕಲ್ ಇಮೇಜ್ ವೆಲಾಸಿಮೆಟ್ರಿಯಲ್ಲಿ (ಪಿಐವಿ, ಅಂದರೆ ನೀರಲ್ಲಿ ತೇಲುವ ಕಣಗಳ ಚಿತ್ರ ಒಂದರ ಹಿಂದೊಂದು ತೆಗೆದು ಅವು ಜರುಗಿದ ದೂರದಿಂದ ವೇಗ ಕಂಡುಹಿಡಿಯುವುದು) ಅಳೆಯುತ್ತಿದ್ದೇವೆ. ಗಾಜಿನ ಫ್ಲೂಮ್ (ನೀರು ಹರಿಸುವ ಕಾಲುವೆಯಂಥ ತೊಟ್ಟಿ), ಅದರಲ್ಲಿ ಅಕ್ರಿಲಿಕ್ ಕಂಬಗಳ ಮಾಡೆಲ್. ಹಸಿರು ಲೇಸರ್, 532 ನ್ಯಾನೋಮೀಟರ್, ಬಿಡದೆ ಉರಿಯುವ ಬಗೆಯದ್ದು, ಸುಮಾರು 2 ಮಿ.ಮೀ. ದಪ್ಪದ ಬೆಳಕಿನ ಹಾಳೆ. ನೀರಿಗೆ 20 ಮೈಕ್ರಾನ್ ಪಾಲಿಅಮೈಡ್ ಕಣ ಹಾಕಿದ್ದೇವೆ. ಕ್ಯಾಮೆರಾ 1920×1200, ಗ್ಲೋಬಲ್ ಶಟರ್, ಪಿಕ್ಸೆಲ್ 5.86 ಮೈಕ್ರಾನ್, ಸೆಕೆಂಡಿಗೆ 160 ಫ್ರೇಮ್. ನೋಡುವ ಅಗಲ 150 ಮಿ.ಮೀ. ಲೆಕ್ಕಕ್ಕೆ ಪಿಐವಿಲ್ಯಾಬ್ ಸಾಫ್ಟ್‌ವೇರ್.

ಸಮಸ್ಯೆ ಎಂತ ಅಂದ್ರೆ, ಸರಾಸರಿ ವೇಗ ಚೆನ್ನಾಗಿ ಕಾಣುತ್ತದೆ. ಆದರೆ ಕಣಗಳ ಸ್ಥಾನಪಲ್ಲಟದ ಹಿಸ್ಟೋಗ್ರಾಮ್ ಹಾಕಿದರೆ 6, 7, 8 ಪಿಕ್ಸೆಲ್‌ನಲ್ಲಿ ಎತ್ತರದ ಕಂಬಗಳು, ನಡುವೆ 6.5, 7.5ರಲ್ಲಿ ತಗ್ಗು. ನೀರು ಹೀಗೆ ಪಿಕ್ಸೆಲ್ ಎಣಿಸಿಕೊಂಡು ಹರಿಯುವುದಿಲ್ಲ ಅಲ್ವಾ! ಬಾಡಿಗೆಗೆ 12 ಮೆಗಾಪಿಕ್ಸೆಲ್ ಕ್ಯಾಮೆರಾ ಸಿಗುತ್ತದೆ. ತಗೊಳ್ಳುವುದಾ?

ಹಂಪನಕಟ್ಟೆ_ಲೆನ್ಸ್
ಲೆನ್ಸಿನ ಅಪರ್ಚರ್ ಎಷ್ಟರಲ್ಲಿ ಇಟ್ಟಿದ್ದೀರಿ?

ಫ್ಲೂಮ್_ಸುರತ್ಕಲ್
ಎಫ್ 2.8. ಬೆಳಕು ಸಾಲುವುದಿಲ್ಲ ಎಂದು ಪೂರ್ತಿ ತೆರೆದೇ ಇಟ್ಟದ್ದು.

ಉಡುಪಿ_ಆಪ್ಟಿಕ್ಸ್
ಕ್ಯಾಮೆರಾ ಮುಟ್ಟಬೇಡಿ. ಇದು ಪೀಕ್ ಲಾಕಿಂಗ್, ಅಂದರೆ ಅಳತೆ ಪೂರ್ಣ ಪಿಕ್ಸೆಲ್‌ಗೇ ಅಂಟಿಕೊಳ್ಳುವ ದೋಷ. ನಿಮ್ಮ ಕಣದ ಚಿತ್ರ ಒಂದು ಪಿಕ್ಸೆಲ್‌ಗಿಂತ ಚಿಕ್ಕದಾಗಿದೆ.

ಲೆಕ್ಕ ಹಾಕಿ ನೋಡುವ. ಸೆನ್ಸರ್ ಅಗಲ 11.25 ಮಿ.ಮೀ., ನೋಟ 150 ಮಿ.ಮೀ. ಅಂದರೆ ಮ್ಯಾಗ್ನಿಫಿಕೇಷನ್ 0.075. 20 ಮೈಕ್ರಾನ್ ಕಣ ಸೆನ್ಸರ್ ಮೇಲೆ 1.5 ಮೈಕ್ರಾನ್ ಆಯಿತು. ಇದರ ಜೊತೆಗೆ ಡಿಫ್ರಾಕ್ಷನ್‌ನಿಂದ ಹರಡುವ ಚುಕ್ಕೆ ಉಂಟು. ಅದರ ವ್ಯಾಸ 2.44 × ಎಫ್ ನಂಬರ್ × (1 + ಮ್ಯಾಗ್ನಿಫಿಕೇಷನ್) × ತರಂಗಾಂತರ. ಎಫ್ 2.8ರಲ್ಲಿ 3.9 ಮೈಕ್ರಾನ್. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 4.2 ಮೈಕ್ರಾನ್, ಅಂದರೆ ಸುಮಾರು 0.7 ಪಿಕ್ಸೆಲ್. ಕಣದ ಬೆಳಕೆಲ್ಲ ಒಂದೇ ಪಿಕ್ಸೆಲ್ ಒಳಗೆ ಬೀಳುತ್ತದೆ. ಕಣ ಆ ಪಿಕ್ಸೆಲ್‌ನ ಎಡತುದಿಯಲ್ಲಿದೆಯೋ ಬಲತುದಿಯಲ್ಲಿದೆಯೋ ಕ್ಯಾಮೆರಾಕ್ಕೆ ಗೊತ್ತೇ ಆಗುವುದಿಲ್ಲ. ಎರಡು ಫ್ರೇಮ್ ಹೋಲಿಸಿದಾಗ ಅತಿ ಹೆಚ್ಚು ಹೊಂದುವ ಜಾಗ, ಅಂದರೆ ಕೊರಿಲೇಷನ್ ಶಿಖರ, ಅದರ ಸುತ್ತ ಮೂರು ಬಿಂದುಗಳಿಗೆ ಗಂಟೆಯಾಕಾರದ ಗಾಸಿಯನ್ ರೇಖೆ ಕೂರಿಸಿಯೇ ಅಲ್ವಾ ನಾವು ಪಿಕ್ಸೆಲ್‌ಗಿಂತ ಕಡಿಮೆ ದೂರ ಹುಡುಕುವುದು? ಪಕ್ಕದ ಎರಡು ಬಿಂದುಗಳಲ್ಲಿ ಏನೂ ಇಲ್ಲದಿದ್ದರೆ ಗಾಸಿಯನ್ ಪೂರ್ಣಾಂಕಕ್ಕೇ ಅಂಟಿಕೊಳ್ಳುತ್ತದೆ.

ಈಗ ಅಪರ್ಚರ್ ಎಫ್ 8 ಮಾಡಿ. ಡಿಫ್ರಾಕ್ಷನ್ ಚುಕ್ಕೆ 11.2 ಮೈಕ್ರಾನ್, ಕಣದ ಚಿತ್ರ 1.9 ಪಿಕ್ಸೆಲ್. 2ರ ಆಸುಪಾಸು ಇದ್ದರೆ ದೋಷ ಅತಿ ಕಡಿಮೆ. ಅಷ್ಟೇ ಬೇಕಾದ್ದು.

ಮಲ್ಪೆ_ತೆರೆ
ಇಷ್ಟೆಲ್ಲ ಯಾಕೆ? ಫೋಕಸ್ ರಿಂಗ್ ಸ್ವಲ್ಪ ತಿರುಗಿಸಿ ಚುಕ್ಕೆ ಮಸುಕು ಮಾಡಿದರೆ ಮುಗಿಯಿತು. ನಮ್ಮ ಲ್ಯಾಬಲ್ಲಿ ಯಾವಾಗಲೂ ಹೀಗೇ ಮಾಡುವುದು.

ಉಡುಪಿ_ಆಪ್ಟಿಕ್ಸ್
ಒಪ್ಪುವುದಿಲ್ಲ ಸರ್. ಎಫ್ 2.8ರಲ್ಲಿ ಇವರ ಸೆಟಪ್‌ನ ಫೋಕಸ್ ಆಳ ಸುಮಾರು 4 ಮಿ.ಮೀ. ಮಾತ್ರ. ಹಾಳೆ 2 ಮಿ.ಮೀ. ಸ್ವಲ್ಪ ತಿರುಗಿಸಿದರೆ ಮಧ್ಯದಲ್ಲಿ ಒಂದು ಗಾತ್ರ, ಮೂಲೆಯಲ್ಲಿ ಇನ್ನೊಂದು ಗಾತ್ರ. ಮೂಲೆಯ ಚುಕ್ಕೆಗಳು ಗುಂಡಗೂ ಇರುವುದಿಲ್ಲ, ಬಾಲ ಬಂದಿರುತ್ತದೆ. ಎಫ್ 8ರಲ್ಲಿ ಫೋಕಸ್ ಆಳ 34 ಮಿ.ಮೀ.ವರೆಗೆ ಹೋಗುತ್ತದೆ, ಇಡೀ ಫ್ರೇಮ್‌ನಲ್ಲಿ ಚುಕ್ಕೆ ಒಂದೇ ತರಹ.

ಮಲ್ಪೆ_ತೆರೆ
ಅದೇ ಎಫ್ 8ರಲ್ಲಿ ಬೆಳಕು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅದನ್ನು ಹೇಳಲಿಲ್ಲ ನೀವು. ಇವರದ್ದು ಪಲ್ಸ್ ಲೇಸರ್ ಅಲ್ಲ. ಕತ್ತಲಲ್ಲಿ ನಾಯ್ಸ್ ಏರಿದರೆ ಆ 1.9 ಪಿಕ್ಸೆಲ್ ಇಟ್ಟುಕೊಂಡು ಎಂತ ಮಾಡುವುದು? ಹದವಾಗಿ ಡಿಫೋಕಸ್ ಮಾಡುವುದು ಎಷ್ಟೋ ಕಡೆ ನಡೆಯುವ ಪದ್ಧತಿ. ಬೆಳಕು ಕಡಿಮೆ ಇದ್ದಾಗ ಅದೇ ಸರಿ.

ಹಂಪನಕಟ್ಟೆ_ಲೆನ್ಸ್
ಇಬ್ಬರದ್ದೂ ಸರಿ ಉಂಟು, ಆದರೆ ಮೊದಲು ಅಪರ್ಚರ್. ಬೆಳಕು ತರಲು ಬೇರೆ ದಾರಿಗಳಿವೆ. ಡಿಫೋಕಸ್ ಕೊನೆಯ ಉಪಾಯ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಲೆನ್ಸ್ ಎಲ್ಲಿ ಇಡುತ್ತೀರಿ? ಈ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸಿಗೆ ಫಂಗಸ್ ಹಿಡಿಯುವುದು ಹೊಸತಲ್ಲ. ಟಾರ್ಚ್ ಹಿಡಿದು ಹಿಂದಿನಿಂದ ನೋಡಿ, ಜೇಡರ ಬಲೆಯಂತೆ ಬಿಳಿ ಎಳೆಗಳು ಕಂಡರೆ ಅದೇ. ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕೆ ಹಿಡಿಯುವ ಕೆಲಸಕ್ಕೆ ಅದು ವಿಷ. ಬೆಳಕು ಚದುರಿ ಕಪ್ಪು ಹಿನ್ನೆಲೆ ಬೂದು ಬಣ್ಣವಾಗುತ್ತದೆ, ಚುಕ್ಕೆ ಎದ್ದು ಕಾಣುವುದಿಲ್ಲ.

ಕಟಪಾಡಿ_ಮೀನಾಕ್ಷಿ
ಅಯ್ಯೋ ಹೌದು. ನನ್ನ ಮ್ಯಾಕ್ರೋ ಲೆನ್ಸ್ ಹೀಗೇ ಹೋದದ್ದು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಹರಳಿನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುವುದು.

ಪಡುಬಿದ್ರಿ_ಗಾಳಿ
ಕ್ಯಾಮೆರಾ ಬ್ಯಾಗ್ ಅಂತೂ ಬೇಡವೇ ಬೇಡ ಮಾರಾಯ್ರೆ. ಬಟ್ಟೆ ತೇವ ಹಿಡಿದಿಡುತ್ತದೆ. ಕಬ್ಬಿಣದ ಕಪಾಟಿನಲ್ಲಿ ಸಣ್ಣ ಬಲ್ಬ್ ಹಚ್ಚಿಡುವುದು ನಮ್ಮಲ್ಲಿ ರೂಢಿ.

ವಿಷಯಕ್ಕೆ ಬರುತ್ತೇನೆ. 12 ಮೆಗಾಪಿಕ್ಸೆಲ್ ಯಾಕೆ ಬೇಡ ಎಂದು ಯಾರೂ ಸರಿಯಾಗಿ ಹೇಳಲಿಲ್ಲ. ನ್ಯಾಯವಾಗಿ ಹೇಳಿದರೆ ಅದರ ಪಿಕ್ಸೆಲ್ ಚಿಕ್ಕದು. 3.45 ಮೈಕ್ರಾನ್ ಎಂದಿಟ್ಟುಕೊಂಡರೆ ಅದೇ ಎಫ್ 2.8ರಲ್ಲೂ ಕಣದ ಚಿತ್ರ 1.3 ಪಿಕ್ಸೆಲ್ ಆಗುತ್ತದೆ. ಪೀಕ್ ಲಾಕಿಂಗ್ ಖಂಡಿತ ಕಡಿಮೆಯಾಗುತ್ತದೆ. ಆದರೆ ಆ ಪಿಕ್ಸೆಲ್‌ನ ವಿಸ್ತೀರ್ಣ ಮೂರರಲ್ಲಿ ಒಂದು ಪಾಲು, ಬೆಳಕೂ ಅಷ್ಟೇ ಹಿಡಿಯುತ್ತದೆ. ದೊಡ್ಡ ತೊಂದರೆ ಫ್ರೇಮ್ ರೇಟ್. ಆ ಬಗೆಯ ಯುಎಸ್‌ಬಿ ಕ್ಯಾಮೆರಾ ಸೆಕೆಂಡಿಗೆ 30ರ ಆಸುಪಾಸು ಫ್ರೇಮ್ ಕೊಡುತ್ತದೆ. ಎರಡು ಫ್ರೇಮ್ ನಡುವೆ 33 ಮಿಲಿಸೆಕೆಂಡ್. ನಿಮ್ಮ ನೀರಿನ ವೇಗ ಎಷ್ಟು?

ಫ್ಲೂಮ್_ಸುರತ್ಕಲ್
ಕಂಬಕ್ಕೆ ಬರುವ ಮೊದಲು ಸೆಕೆಂಡಿಗೆ 0.1 ಮೀಟರ್. ಕಿಂಡಿಯ ಒಳಗೆ ಸುಮಾರು 0.3. ಕಂಬದ ಹಿಂದೆ 0.03.

ಪಡುಬಿದ್ರಿ_ಗಾಳಿ
ಹಾಗಾದರೆ ನೋಡಿ. ಈಗ ನಿಮ್ಮ ಒಂದು ಪಿಕ್ಸೆಲ್ ಅಂದರೆ ನೀರಿನಲ್ಲಿ 78 ಮೈಕ್ರಾನ್. 160 ಫ್ರೇಮ್ ಅಂದರೆ 6.25 ಮಿಲಿಸೆಕೆಂಡ್. 0.1 ಮೀಟರ್ ವೇಗಕ್ಕೆ ಕಣ 8 ಪಿಕ್ಸೆಲ್ ಜರುಗುತ್ತದೆ. 32 ಪಿಕ್ಸೆಲ್ ವಿಂಡೋಗೆ, ಅಂದರೆ ಒಂದು ವೆಕ್ಟರ್ ಲೆಕ್ಕ ಹಾಕಲು ಚಿತ್ರದಿಂದ ಆರಿಸುವ ಚೌಕಕ್ಕೆ, ಸರಿಯಾಗಿ ಕಾಲುಭಾಗ. ಹೊಸ ಕ್ಯಾಮೆರಾದಲ್ಲಿ ಅದೇ ಕಣ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಸುಮಾರು 90 ಪಿಕ್ಸೆಲ್ ಜಿಗಿಯುತ್ತದೆ. ಜೋಡಿ ಹುಡುಕುವುದು ಹೇಗೆ? ಹಿಸ್ಟೋಗ್ರಾಮ್ ನುಣುಪಾಗಬಹುದು, ಅರ್ಧದಷ್ಟು ವೆಕ್ಟರ್ ಸುಳ್ಳೇ ಬರುತ್ತದೆ.

ಸಾಣೂರು_ಸಿಗ್ನಲ್
ಕೀನ್ ಮತ್ತು ಏಡ್ರಿಯನ್ 1990ರ ಆಸುಪಾಸಿನಲ್ಲಿ ಕೊಟ್ಟ ಕಾಲುಭಾಗದ ನಿಯಮ ಅದು. ಒಂದು ವಿಂಡೋದೊಳಗೆ ಕನಿಷ್ಠ 10 ಕಣ, ಜರುಗುವುದು ವಿಂಡೋದ ಕಾಲುಭಾಗ ಮೀರಬಾರದು, ಹಾಳೆಯಿಂದ ಆಚೆ ಹೋಗುವುದು ಹಾಳೆಯ ದಪ್ಪದ ಕಾಲುಭಾಗ ಮೀರಬಾರದು. ದೊಡ್ಡ ವಿಂಡೋದಿಂದ ಚಿಕ್ಕದಕ್ಕೆ ಸುತ್ತು ಸುತ್ತಾಗಿ ಇಳಿಯುವ ಈಗಿನ ಮಲ್ಟಿಪಾಸ್ ಲೆಕ್ಕದಲ್ಲಿ ಮೊದಲ ಸುತ್ತಿಗೆ ಮಾತ್ರ ಕಾಲುಭಾಗದ ಕಟ್ಟುನಿಟ್ಟು. 96ರಿಂದ ಶುರು ಮಾಡಿ 32ಕ್ಕೆ ಇಳಿದರೆ 24 ಪಿಕ್ಸೆಲ್ ಜರುಗಿದರೂ ನಡೆಯುತ್ತದೆ.

ಉಡುಪಿ_ಆಪ್ಟಿಕ್ಸ್
ನಡೆಯುತ್ತದೆ, ಆದರೆ ಕಿಂಡಿಯ ಅಂಚಿನಲ್ಲಿ ವೇಗ ಥಟ್ಟನೆ ಬದಲಾಗುತ್ತದೆ. ಒಂದೇ ವಿಂಡೋದೊಳಗೆ ಒಂದು ಕಣ 20 ಪಿಕ್ಸೆಲ್, ಪಕ್ಕದ್ದು 12 ಪಿಕ್ಸೆಲ್ ಓಡಿದರೆ ಶಿಖರವೇ ಒಡೆದುಹೋಗುತ್ತದೆ. ವಿಂಡೋದೊಳಗಿನ ಈ ವ್ಯತ್ಯಾಸ ಕಣದ ಚಿತ್ರದ ವ್ಯಾಸಕ್ಕಿಂತ ಕಡಿಮೆ ಇರಬೇಕು. ಅಲ್ಲಿ Δt, ಅಂದರೆ ಎರಡು ಚಿತ್ರಗಳ ನಡುವಿನ ಸಮಯ, ಕಡಿಮೆ ಮಾಡುವುದೇ ದಾರಿ.

ಮಲ್ಪೆ_ತೆರೆ
ಹಾಗೆಂದು ಎಲ್ಲಾ ಕಡೆ Δt ಕಡಿಮೆ ಮಾಡಿದರೆ ಕಂಬದ ಹಿಂದೆ ಕಥೆ ಮುಗಿಯಿತು. ಒಳ್ಳೆಯ ಚಿತ್ರದಲ್ಲೂ 0.1 ಪಿಕ್ಸೆಲ್ ದೋಷ ಇದ್ದೇ ಇರುತ್ತದೆ. 8 ಪಿಕ್ಸೆಲ್ ಜರುಗಿದರೆ ಅದು 1.25 ಶೇಕಡಾ. ಕಂಬದ ಹಿಂದೆ ಈಗಲೇ 2.4 ಪಿಕ್ಸೆಲ್ ಮಾತ್ರ, ಅಲ್ಲಿ 4 ಶೇಕಡಾ ದಾಟಿತು. ಇನ್ನೂ ಕಡಿಮೆ ಮಾಡಿದರೆ ಅಳತೆ ಎನ್ನಲು ಉಳಿಯುವುದೇನು?

ಸಾಣೂರು_ಸಿಗ್ನಲ್
ಎರಡು Δt ಇಟ್ಟುಕೊಳ್ಳಿ. ಜಗಳವೇ ಬೇಡ. ಕಂಬದ ಹಿಂದಿನ ಭಾಗಕ್ಕೆ ಒಂದು ಫ್ರೇಮ್ ಬಿಟ್ಟು ಮುಂದಿನದರ ಜೊತೆ ಹೋಲಿಸಿ, Δt 12.5 ಮಿಲಿಸೆಕೆಂಡ್ ಆಗುತ್ತದೆ, 4.8 ಪಿಕ್ಸೆಲ್ ಜರುಗುತ್ತದೆ. ಇದಕ್ಕೆ ಹೊಸ ರೆಕಾರ್ಡಿಂಗ್ ಸಹ ಬೇಡ, ಇದ್ದದ್ದರಲ್ಲೇ ಆಗುತ್ತದೆ. ಹಾಳೆಗೆ ಅಡ್ಡವಾಗಿ ಅಷ್ಟೇ ವೇಗ ಇದ್ದರೂ ಕಣ 0.4 ಮಿ.ಮೀ. ಒಳಗೇ ಇರುತ್ತದೆ, ಕಾಲುಭಾಗದ ನಿಯಮವೂ ಉಳಿಯಿತು.

ಕಿಂಡಿಗೆ ಬೇರೆ ಯುಕ್ತಿ. ಲೇಸರ್ ಡ್ರೈವರ್‌ಗೆ ಟಿಟಿಎಲ್ ಇನ್‌ಪುಟ್ (ಹೊರಗಿನ ಸಿಗ್ನಲ್‌ನಿಂದ ಲೇಸರ್ ಆನ್-ಆಫ್ ಮಾಡುವ ಸಂಪರ್ಕ) ಇದ್ದರೆ, ಒಂದನೇ ಫ್ರೇಮ್ ಮುಗಿಯುವ ಹೊತ್ತಿಗೆ ಒಂದು ಮಿಣುಕು, ಎರಡನೇ ಫ್ರೇಮ್ ಶುರುವಾದ ಕೂಡಲೇ ಇನ್ನೊಂದು. ಫ್ರೇಮ್ ರೇಟ್ 160 ಇದ್ದರೂ Δt 2 ಮಿಲಿಸೆಕೆಂಡ್ ಸಿಗುತ್ತದೆ. 0.3 ಮೀಟರ್ ವೇಗಕ್ಕೆ 7.7 ಪಿಕ್ಸೆಲ್. ಕೋಣೆ ಪೂರ್ತಿ ಕತ್ತಲು ಇರಬೇಕು, ಯಾಕೆಂದರೆ ಶಟರ್ ತೆರೆದೇ ಇರುತ್ತದೆ.

ಫ್ಲೂಮ್_ಸುರತ್ಕಲ್
ಟಿಟಿಎಲ್ ಉಂಟು! ನಾವು ಅದನ್ನು ಬಳಸಿಯೇ ಇಲ್ಲ. ಮಿಣುಕು ಕೊಟ್ಟರೆ ಬೆಳಕು ಜಾಸ್ತಿಯಾಗುತ್ತದಾ ಸರ್?

ಸಾಣೂರು_ಸಿಗ್ನಲ್
ಇಲ್ಲ. ಪಲ್ಸ್ ಲೇಸರ್ ಬೇರೆ, ಅದು ಶಕ್ತಿಯನ್ನು ಕೂಡಿಟ್ಟು ಕೆಲವೇ ನ್ಯಾನೋಸೆಕೆಂಡ್‌ನಲ್ಲಿ ಬಿಡುತ್ತದೆ. ನಿಮ್ಮದು ಉರಿದಷ್ಟು ಹೊತ್ತಿನ ಬೆಳಕು ಮಾತ್ರ. ಈಗ ಎಕ್ಸ್‌ಪೋಷರ್ ಎಷ್ಟು ಇಟ್ಟಿದ್ದೀರಿ?

ಫ್ಲೂಮ್_ಸುರತ್ಕಲ್
4 ಮಿಲಿಸೆಕೆಂಡ್.

ಪಡುಬಿದ್ರಿ_ಗಾಳಿ
ಅಲ್ಲೇ ಇನ್ನೊಂದು ದೋಷ ಕೂತಿದೆ. 4 ಮಿಲಿಸೆಕೆಂಡ್‌ನಲ್ಲಿ ಕಣ 5 ಪಿಕ್ಸೆಲ್ ಓಡಿರುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಚುಕ್ಕೆ ಇರುವುದಿಲ್ಲ, ಗೆರೆ ಇರುತ್ತದೆ. ಹರಿವಿನ ದಿಕ್ಕಿನಲ್ಲಿ ಕೊರಿಲೇಷನ್ ಶಿಖರ ಎಳೆದು ಅಗಲವಾಗುತ್ತದೆ, ಅಡ್ಡ ದಿಕ್ಕಿನಲ್ಲಿ ಸೂಜಿಯಂತೆ ಉಳಿಯುತ್ತದೆ. ನಿಮ್ಮ ಪೀಕ್ ಲಾಕಿಂಗ್ ಅಡ್ಡ ವೇಗದಲ್ಲಿ ಜಾಸ್ತಿ ಕಾಣುತ್ತಿದೆಯಾ?

ಫ್ಲೂಮ್_ಸುರತ್ಕಲ್
ಹೌದು ಸರ್, ಅಡ್ಡ ವೇಗದ ಹಿಸ್ಟೋಗ್ರಾಮ್ ಅಂತೂ 0ಯಲ್ಲಿ ಒಂದೇ ಕಂಬ. ಅಲ್ಲಿ ನಿಜವಾಗಿ ವೇಗ ಇಲ್ಲ ಎಂದು ತಿಳಿದುಕೊಂಡಿದ್ದೆವು.

ಉಡುಪಿ_ಆಪ್ಟಿಕ್ಸ್
ಇದು ತುಂಬಾ ಮುಖ್ಯ. ಸರಾಸರಿ ವೇಗ ಚೆನ್ನಾಗಿ ಕಂಡದ್ದು ಇದಕ್ಕೇ. ಬೇರೆ ಬೇರೆ ಹೊತ್ತಿನ ಸಾವಿರಾರು ವೆಕ್ಟರ್‌ಗಳನ್ನು ಸರಾಸರಿ ಮಾಡಿದಾಗ ಪೀಕ್ ಲಾಕಿಂಗ್ ದೋಷ ಬಹುಪಾಲು ಅಳಿಸಿಹೋಗುತ್ತದೆ. ಏರಿಳಿತ ಅಳೆಯುವಾಗ ಅಳಿಸಿಹೋಗುವುದಿಲ್ಲ. ಅಡ್ಡ ವೇಗದ ಏರಿಳಿತ ಅರ್ಧ ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಪೂರ್ತಿ 0ಗೆ ಅಂಟಿಕೊಳ್ಳುತ್ತದೆ. ನೀವು ಕಂಬದ ಬುಡದ ಕೊರೆತಕ್ಕೆ ರೆನಾಲ್ಡ್ಸ್ ಸ್ಟ್ರೆಸ್ (ವೇಗದ ಏರಿಳಿತದಿಂದ ಹುಟ್ಟುವ ಒತ್ತಡ) ಲೆಕ್ಕ ಹಾಕಲು ಹೊರಟಿದ್ದರೆ ಈ ಡೇಟಾ ಮೇಲೆ ಹಾಕಲೇಬೇಡಿ.

ಹಂಪನಕಟ್ಟೆ_ಲೆನ್ಸ್
ಬೆಳಕಿನ ಬಗ್ಗೆ. ಎಕ್ಸ್‌ಪೋಷರ್ ಅರ್ಧ ಮಿಲಿಸೆಕೆಂಡ್‌ಗೆ ಇಳಿಸಿ, ಅಪರ್ಚರೂ ಮುಚ್ಚಿ ಎಂದರೆ ಏನೂ ಕಾಣುವುದಿಲ್ಲ, ಅದು ನಿಜ. ಹಾಗಾಗಿ ಎಫ್ 5.6ಕ್ಕೆ ನಿಲ್ಲಿಸಿ, ಕಣ 50 ಮೈಕ್ರಾನ್‌ಗೆ ಬದಲಿಸಿ. ಕಣ ದೊಡ್ಡದಾದರೆ ಚದುರುವ ಬೆಳಕು ಹೆಚ್ಚುಕಡಿಮೆ ವ್ಯಾಸದ ವರ್ಗದಷ್ಟು ಏರುತ್ತದೆ, ಆರು ಪಟ್ಟು ಸಿಗುತ್ತದೆ. ಕಣದ ಚಿತ್ರ 1.5 ಪಿಕ್ಸೆಲ್‌ವರೆಗೆ ಬರುತ್ತದೆ. ಬೆಳಕಿನ ಹಾಳೆಯನ್ನು ನೋಟಕ್ಕೆ ಬೇಕಾದಷ್ಟು ಅಗಲಕ್ಕೇ ಕಿರಿದು ಮಾಡಿ. ಫ್ಲೂಮ್ ಇಡೀ ಹಸಿರಾಗಿ ಕಂಡರೆ ಚಂದ, ಆದರೆ ಆ ಬೆಳಕೆಲ್ಲ ದಂಡ.

ಮಲ್ಪೆ_ತೆರೆ
50 ಮೈಕ್ರಾನ್ ಕಣ ತಳ ಹಿಡಿಯುವುದಿಲ್ಲವಾ?

ಸಾಣೂರು_ಸಿಗ್ನಲ್
ಪಾಲಿಅಮೈಡ್ ಸಾಂದ್ರತೆ 1.03. ಸ್ಟೋಕ್ಸ್ ಸೂತ್ರದಲ್ಲಿ ಸೆಕೆಂಡಿಗೆ 0.04 ಮಿ.ಮೀ. ಇಳಿಯುತ್ತದೆ. ನೀರು ಸೆಕೆಂಡಿಗೆ 100 ಮಿ.ಮೀ. ಓಡುವಾಗ ಅದು ಲೆಕ್ಕಕ್ಕಿಲ್ಲ. ರಾತ್ರಿ ಪಂಪ್ ನಿಲ್ಲಿಸಿದರೆ ಬೆಳಿಗ್ಗೆ ತಳದಲ್ಲಿರುತ್ತದೆ, ಕಲಕಿದರಾಯಿತು.

ಕಟಪಾಡಿ_ಮೀನಾಕ್ಷಿ
ಲೇಸರ್ ಮಾತು ಬಂದಾಗ ಯಾರೂ ಕನ್ನಡಕದ ಬಗ್ಗೆ ಹೇಳಲಿಲ್ಲ. 500 ಮಿಲಿವ್ಯಾಟ್ ದಾಟಿದರೆ ಕ್ಲಾಸ್ 4, ಅತಿ ಅಪಾಯದ ವರ್ಗ. ಗಾಜಿನಿಂದ, ನೀರಿನ ಮೇಲ್ಮೈಯಿಂದ ಹೊಳೆದು ಬರುವ ಕಿರಣವೂ ಕಣ್ಣು ಸುಡುತ್ತದೆ. 532ಕ್ಕೆ ಸರಿಹೊಂದುವ ಕನ್ನಡಕ ಹಾಕಿ. ಸುಮ್ನೆ ಕಪ್ಪು ಕನ್ನಡಕ ಹಾಕಿಕೊಂಡು ನಿಲ್ಲಬೇಡಿ. ವಾಚು, ಬಳೆ ತೆಗೆದಿಡಿ. ಕಂಬಗಳಿಗೆ ಮ್ಯಾಟ್ ಕಪ್ಪು ಬಣ್ಣ ಬಳಿದರೆ ಕಣ್ಣಿಗೂ ಒಳ್ಳೆಯದು, ಚಿತ್ರಕ್ಕೂ ಒಳ್ಳೆಯದು.

ಬ್ರಹ್ಮಾವರ_21
ನಡುವೆ ಒಂದು ಪ್ರಶ್ನೆ. ನಮ್ಮ ಕಾಲೇಜಿನಲ್ಲಿ ಇಂಥ ಕ್ಯಾಮೆರಾ ಇಲ್ಲ. ಮೊಬೈಲ್‌ನಲ್ಲಿ ಮಾಡಬಹುದಾ?

ಮಲ್ಪೆ_ತೆರೆ
ರೋಲಿಂಗ್ ಶಟರ್, ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಆಗುವುದಿಲ್ಲ.

ಸಾಣೂರು_ಸಿಗ್ನಲ್
ಆಗುತ್ತದೆ, ಸುಮ್ನೆ ಹುಡುಗರನ್ನು ಹೆದರಿಸಬೇಡಿ. ಬಿಡದೆ ಉರಿಯುವ ಬೆಳಕಿದ್ದರೆ ರೋಲಿಂಗ್ ಶಟರ್ ಅಷ್ಟು ದೊಡ್ಡ ದೋಷ ಅಲ್ಲ. ಪ್ರತಿ ಸಾಲನ್ನೂ ಎರಡೂ ಫ್ರೇಮ್‌ನಲ್ಲಿ ಅಷ್ಟೇ ತಡವಾಗಿ ಓದುತ್ತದೆ. ಹಾಗಾಗಿ ಅದೇ ಸಾಲಿನಲ್ಲಿ ಉಳಿದ ಕಣಕ್ಕೆ Δt ಬದಲಾಗುವುದಿಲ್ಲ. ಕಣ 5 ಸಾಲು ಕೆಳಗಿಳಿದರೆ, ಸಾಲಿಗೆ 20 ಮೈಕ್ರೋಸೆಕೆಂಡ್ ಎಂದುಕೊಂಡರೂ, 16.7 ಮಿಲಿಸೆಕೆಂಡ್‌ನಲ್ಲಿ 0.1 ಹೆಚ್ಚಾಗುತ್ತದೆ. 0.6 ಶೇಕಡಾ. ಮೇಲಿನ ಭಾಗ ಮತ್ತು ಕೆಳಗಿನ ಭಾಗ ಒಂದೇ ಕ್ಷಣದ್ದಲ್ಲ ಎನ್ನುವುದು ನೆನಪಿರಲಿ, ಅಷ್ಟೆ.

ಮೊಬೈಲ್‌ನ ನಿಜವಾದ ಶತ್ರು ಬೇರೆ. ಒಂದು, ವಿಡಿಯೋ ಕಂಪ್ರೆಷನ್. ಅದು ಚಿತ್ರವನ್ನು ಚೌಕ ಚೌಕವಾಗಿ ತುಂಡು ಮಾಡಿ ಹಿಂದಿನ ಫ್ರೇಮ್‌ನಿಂದ ಊಹಿಸುತ್ತದೆ, ಸಣ್ಣ ಚುಕ್ಕೆಗಳನ್ನು ಒರೆಸಿ ಹಾಕುತ್ತದೆ. ಬಿಟ್‌ರೇಟ್ ಅತಿ ಹೆಚ್ಚಿಗೆ ಇಡಿ. ಎರಡು, ಸ್ಟೆಬಿಲೈಸೇಷನ್. ಫ್ರೇಮನ್ನೇ ಅತ್ತಿತ್ತ ಸರಿಸಿ ಇಲ್ಲದ ವೇಗ ಹುಟ್ಟಿಸುತ್ತದೆ. ಆಫ್ ಮಾಡಿ, ಸ್ಟ್ಯಾಂಡ್‌ಗೆ ಕಟ್ಟಿ. ಮೂರು, ಆಟೋ ಫೋಕಸ್ ಮತ್ತು ಆಟೋ ಎಕ್ಸ್‌ಪೋಷರ್ ಲಾಕ್ ಮಾಡಿ.

ಬ್ರಹ್ಮಾವರ_21
8 ಬಿಟ್ ಸಾಕಾ? 12 ಬಿಟ್ ಬೇಕು ಎನ್ನುತ್ತಾರಲ್ಲ.

ಉಡುಪಿ_ಆಪ್ಟಿಕ್ಸ್
8 ಸಾಕು. ಬಿಟ್‌ಗಿಂತ ನಾಯ್ಸ್ ದೊಡ್ಡ ವಿಷಯ. ಗೇನ್ ಏರಿಸಿ 12 ಬಿಟ್ ತೆಗೆದರೆ ನಾಯ್ಸನ್ನೇ ಚೆನ್ನಾಗಿ ಅಳೆದ ಹಾಗಾಗುತ್ತದೆ.

ಪಡುಬಿದ್ರಿ_ಗಾಳಿ
ಫ್ಲೂಮ್‌ನವರೇ, ಅಂಚಿನ ದೋಷ ಮರೆಯಬೇಡಿ. ಕ್ಯಾಮೆರಾ ಹತ್ತಿರ ಇದ್ದರೆ ಹಾಳೆಯಿಂದ ನಿಮ್ಮ ಕಡೆಗೆ ಬರುವ ಕಣ, ಫ್ರೇಮ್‌ನ ಅಂಚಿನಲ್ಲಿ ಪಕ್ಕಕ್ಕೆ ಜರುಗಿದ ಹಾಗೆ ಕಾಣುತ್ತದೆ. ಕಂಬದ ಹಿಂದೆ ಸುಳಿ ಮೂರೂ ದಿಕ್ಕಿಗೆ ಎಳೆಯುವ ಕಾರಣ ಅಲ್ಲಿ ಇದು ಜಾಸ್ತಿ. ಉದ್ದ ಫೋಕಲ್ ಲೆಂತ್ ಲೆನ್ಸ್ ಹಾಕಿ ದೂರದಿಂದ ತೆಗೆಯಿರಿ. ಕ್ಯಾಮೆರಾ ಗಾಜಿಗೆ ನೇರ ಇರಲಿ. ಕ್ಯಾಲಿಬ್ರೇಷನ್ ಹಾಳೆಯನ್ನು ನೀರು ತುಂಬಿದ ಮೇಲೆ, ಬೆಳಕಿನ ಹಾಳೆ ಇರುವ ಜಾಗದಲ್ಲೇ ಮುಳುಗಿಸಿ ತೆಗೆಯಬೇಕು. ಖಾಲಿ ಫ್ಲೂಮ್‌ನಲ್ಲಿ ತೆಗೆದರೆ ಸ್ಕೇಲೇ ತಪ್ಪಾಗುತ್ತದೆ.

ಫ್ಲೂಮ್_ಸುರತ್ಕಲ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಫ್ 5.6, ಅರ್ಧ ಮಿಲಿಸೆಕೆಂಡ್, 50 ಮೈಕ್ರಾನ್ ಕಣ, ಹಾಳೆ ಕಿರಿದು ಮಾಡಿ ಇವತ್ತು ತೆಗೆದೆವು. ಅಡ್ಡ ವೇಗದ ಹಿಸ್ಟೋಗ್ರಾಮ್‌ನಲ್ಲಿ 0ಯ ಕಂಬ ತಗ್ಗಿ ಎರಡು ಬದಿಗೂ ಹರಡಿತು. ಕಂಬದ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಬಿಡುವುದು ಈಗ ಸ್ಪಷ್ಟ. ಪೂರ್ಣಾಂಕಗಳಲ್ಲಿ ಸಣ್ಣ ಉಬ್ಬು ಇನ್ನೂ ಉಂಟು.

ಉಡುಪಿ_ಆಪ್ಟಿಕ್ಸ್
1.5 ಪಿಕ್ಸೆಲ್‌ಗೆ ಅಷ್ಟು ಇರುತ್ತದೆ. ಈಗ ಬೇಕಾದರೆ ಮಲ್ಪೆಯವರು ಹೇಳಿದ ಹಾಗೆ ಫೋಕಸ್ ಕೂದಲಿನಷ್ಟು ತಿರುಗಿಸಿ ನೋಡಿ. ಎಫ್ 5.6ರಲ್ಲಿ ಫೋಕಸ್ ಆಳ ಜಾಸ್ತಿ ಇರುವುದರಿಂದ ಮೂಲೆಗಳೂ ತಡೆದುಕೊಳ್ಳುತ್ತವೆ.

ಮಲ್ಪೆ_ತೆರೆ
ಒಪ್ಪಿದಿರಲ್ಲ, ಸಂತೋಷ.

ಸ್ವರ್ಣಾ_ದಡ
ನಮಗೂ ಒಂದು ಸಲಹೆ ಬೇಕು. ಬಜೆ ಕಡೆಯವರು ನಾವು. ಮಳೆಗಾಲದಲ್ಲಿ ಸ್ವರ್ಣಾ ನದಿಯ ಮೇಲ್ಮೈ ವೇಗವನ್ನು ಸೇತುವೆಯಿಂದ ವಿಡಿಯೋ ತೆಗೆದು ಅಳೆಯಬೇಕು ಎಂದಿದ್ದೇವೆ. ಲೇಸರ್ ಇಲ್ಲ, ಕಣ ಇಲ್ಲ. ಈ ನಿಯಮಗಳೆಲ್ಲ ಅಲ್ಲಿಗೂ ಬರುತ್ತವಾ?

ಸಾಣೂರು_ಸಿಗ್ನಲ್
ಬರುತ್ತವೆ. ಜಪಾನಿನ ಫುಜಿತಾ ಮತ್ತು ಜೊತೆಗಾರರು 1998ರಲ್ಲೇ ಇದನ್ನು ದೊಡ್ಡ ಅಳತೆಯ ಪಿಐವಿ ಎಂದು ಬರೆದಿದ್ದಾರೆ. ನೊರೆ, ಎಲೆ, ಕಸವೇ ಅಲ್ಲಿ ಕಣ. ನೊರೆ ಇಲ್ಲದ ಜಾಗದಲ್ಲಿ ವೇಗ 0 ಎಂದು ಬರುತ್ತದೆ, ನಂಬಬೇಡಿ, ಆ ವಿಂಡೋ ಬಿಟ್ಟುಬಿಡಿ. ಮೋಡದ ದಿನ ಒಳ್ಳೆಯದು, ಬಿಸಿಲಿನ ಹೊಳಪು ನೀರಿನ ಜೊತೆ ಓಡುವುದಿಲ್ಲ. ಜೋರು ಮಳೆ ಬರುವಾಗ ತೆಗೆಯಬೇಡಿ, ಹನಿ ಬಿದ್ದ ಉಂಗುರಗಳು ಕೊರಿಲೇಷನ್ ಕೆಡಿಸುತ್ತವೆ. ಮೇಲ್ಮೈ ವೇಗಕ್ಕೆ ಸಾಮಾನ್ಯವಾಗಿ 0.85 ಗುಣಿಸಿ ಆಳದ ಸರಾಸರಿ ತೆಗೆಯುತ್ತಾರೆ, ಗಾಳಿ ಬೀಸುವ ದಿನ ಅದೂ ತಪ್ಪುತ್ತದೆ.

ಪಡುಬಿದ್ರಿ_ಗಾಳಿ
ಓರೆಯಾಗಿ ತೆಗೆದ ಚಿತ್ರವನ್ನು ಮೇಲಿನಿಂದ ನೋಡಿದ ಹಾಗೆ ಸರಿಪಡಿಸಬೇಕು. ಅದಕ್ಕೆ ಎರಡೂ ದಡದಲ್ಲಿ ಗುರುತಿನ ಬಿಂದುಗಳು ಬೇಕು, ಅವುಗಳ ದೂರ ಅಳೆದಿರಬೇಕು, ನೀರಿನ ಮಟ್ಟವೂ ಗೊತ್ತಿರಬೇಕು. ಮೇ ತಿಂಗಳಲ್ಲಿ, ನೀರು ಇಳಿದಿರುವಾಗಲೇ ಹೋಗಿ ಕಲ್ಲಿಗೆ ಬಣ್ಣ ಬಳಿದು ಅಳೆದು ಬನ್ನಿ. ನೆರೆ ಬಂದರೂ ಕಾಣುವಷ್ಟು ಎತ್ತರದ ಕಲ್ಲನ್ನೇ ಆರಿಸಿ.

ಸ್ವರ್ಣಾ_ದಡ
ಸರಿ ಸರ್. ಸೇತುವೆ ಮೇಲೆ ಬಸ್ ಹೋದಾಗ ಸ್ಟ್ಯಾಂಡ್ ನಡುಗುತ್ತದೆ, ಅದಕ್ಕೇನು ಮಾಡುವುದು?

ಸಾಣೂರು_ಸಿಗ್ನಲ್
ಫ್ರೇಮ್‌ನಲ್ಲಿ ದಡದ ಕಲ್ಲು ಯಾವಾಗಲೂ ಸ್ವಲ್ಪ ಇರಲಿ. ಆ ಕಲ್ಲಿನ ಮೇಲೂ ಅದೇ ಕೊರಿಲೇಷನ್ ಓಡಿಸಿ. ಕಲ್ಲು ಎಷ್ಟು ಜರುಗಿತೋ ಅಷ್ಟನ್ನು ನೀರಿನಿಂದ ಕಳೆಯಿರಿ.